ಸೂರ್ಯ ದಾರಿ ತಪ್ಪಿಸಿದ್ನಾ? 2016ರ ನಾರ್ತ್ ಸೀ ತಿಮಿಂಗಿಲಗಳ ಕೇಸ್ ಬಿಚ್ಚಿ ನೋಡಿದಾಗ

2016ರ ಜನವರಿ 8ಕ್ಕೆ ಜರ್ಮನಿಯ ವಾಂಗರೋಗೆ ಅನ್ನೋ ಪುಟ್ಟ ದ್ವೀಪದ ದಡದಲ್ಲಿ ಎರಡು ಸ್ಪರ್ಮ್ ವೇಲ್ ಬಿದ್ದಿದ್ವು. ಒಂದೆರಡು ಬೀಳೋದು ಆ ಕಡೆ ತೀರಾ ಕಂಡು ಕೇಳರಿಯದ್ದೇನಲ್ಲ, ನೂರಾರು ವರ್ಷದ ದಾಖಲೆ ಇದೆ, 1598ರಲ್ಲಿ ಡಚ್ ದಡಕ್ಕೆ ಬಂದು ಬಿದ್ದ ಒಂದನ್ನ ನೋಡೋಕೆ ಜನ ಜಾತ್ರೆ ಥರ ಸೇರಿದ ಚಿತ್ರ ಕೂಡ ಉಳ್ಕೊಂಡಿದೆ. ಆದ್ರೆ ಈ ಸಲ ಅಷ್ಟಕ್ಕೇ ನಿಲ್ಲಲಿಲ್ಲ. ನಾಲ್ಕು ದಿನ ಬಿಟ್ಟು ನೆದರ್ಲೆಂಡ್ಸ್‌ನ ಟೆಸೆಲ್ ದ್ವೀಪದಲ್ಲಿ ಒಂದೇ ಕಡೆ ಐದು, ಆಮೇಲೆ ಇಂಗ್ಲೆಂಡ್‌ನ ಹನ್‌ಸ್ಟಂಟನ್, ಸ್ಕೆಗ್‌ನೆಸ್, ಆಮೇಲೆ ಫ್ರಾನ್ಸ್‌ನ ಕಲೇ ಹತ್ರ ಒಂದು, ಜನವರಿ ಕೊನೆ ಫೆಬ್ರವರಿ ಶುರುವಿನಲ್ಲಿ ಮತ್ತೆ ಜರ್ಮನಿಯ ಕೈಸರ್ ವಿಲ್‌ಹೆಲ್ಮ್ ಕೋಗ್ ಅನ್ನೋ ಊರಿನ ಕೆಸರು ದಡದಲ್ಲಿ ಎಂಟು, ಕೊನೆಗೆ ಫೆಬ್ರವರಿ 25ಕ್ಕೆ ಡೆನ್ಮಾರ್ಕ್‌ನಲ್ಲಿ ಒಂದು. ಏಳು ವಾರ, ಐದು ದೇಶ, 30 ತಿಮಿಂಗಿಲ. ನಾರ್ತ್ ಸೀಯಲ್ಲಿ ಸ್ಪರ್ಮ್ ವೇಲ್‌ಗಳ ಇಷ್ಟು ದೊಡ್ಡ ಸಾವು ಅದಕ್ಕೂ ಮುಂಚೆ ದಾಖಲಾಗಿರ್ಲಿಲ್ಲ.

ಸ್ಕೆಗ್‌ನೆಸ್ ದಡದಲ್ಲಿ ಬಿದ್ದಿದ್ದ ಒಂದರ ಮೈಮೇಲೆ ಯಾರೋ ಸ್ಪ್ರೇ ಪೇಂಟ್ ತಂದು ಫುಕುಶಿಮಾ ಅಂತ ಬರೆದು ಹೋದ್ರು, ಇನ್ನೊಂದರ ಮೇಲೆ ಇದು ಮನುಷ್ಯನ ತಪ್ಪು ಅಂತ. ಹೆಣ ಇನ್ನೂ ದಡದಲ್ಲೇ ಇದೆ, ತೀರ್ಪು ಆಗ್ಲೇ ಬರೆದಾಗಿತ್ತು! ಅಣು ವಿಕಿರಣ ಅಂದ್ರು, ನೌಕಾಪಡೆ ಸೋನಾರ್ ಅಂದ್ರು, ಗಾಳಿಯಂತ್ರದ ಸದ್ದು ಅಂದ್ರು, ಪ್ಲಾಸ್ಟಿಕ್ ಅಂದ್ರು. ಒಂದೂವರೆ ವರ್ಷ ಕಳೆದ ಮೇಲೆ, 2017ರಲ್ಲಿ, ಜರ್ಮನಿಯ ಕೀಲ್ ಯೂನಿವರ್ಸಿಟಿಯ ಕ್ಲಾಸ್ ಹೈನ್‌ರಿಶ್ ಫಾನ್ಸೆಲೋ ಮತ್ತೆ ಅವರ ಜೊತೆಗಾರರು ಒಂದು ಪೇಪರ್ ತಂದ್ರು. ಆರೋಪಿ ಭೂಮಿ ಮೇಲೇ ಇಲ್ಲ, 15 ಕೋಟಿ ಕಿಲೋಮೀಟರ್ ದೂರದಲ್ಲಿ ಇದ್ದಾನೆ ಅನ್ನೋದು ಅದರ ಸಾರ. 2015ರ ಡಿಸೆಂಬರ್‌ನಲ್ಲಿ ಎರಡು ಸೌರ ಬಿರುಗಾಳಿ ಭೂಮಿಗೆ ಬಡಿದ್ವು, ಭೂಮಿಯ ಕಾಂತಕ್ಷೇತ್ರ ಅಲ್ಲಾಡ್ತು, ತಿಮಿಂಗಿಲಗಳು ದಾರಿ ತಪ್ಪಿದ್ವು ಅಂತ.

ಈ ಥರ ಮಾತು ಕೇಳಿದ ತಕ್ಷಣ ನನಗೆ ಮೊದಲು ಬರೋದು ಅನುಮಾನವೇ. ಯಾಕಂದ್ರೆ ಎಲ್ಲೇ ಪ್ರಾಣಿಗಳು ಸಾಮೂಹಿಕವಾಗಿ ಸತ್ರೂ ಯಾರಾದ್ರೂ ಒಬ್ರು ಮ್ಯಾಗ್ನೆಟಿಕ್ ಪೋಲ್ ಅಂತ ಶುರು ಹಚ್ಕೋತಾರೆ. 2010ರ ಡಿಸೆಂಬರ್ 31ರ ರಾತ್ರಿ ಅಮೆರಿಕದ ಅರ್ಕನ್ಸಾಸ್‌ನ ಬೀಬಿ ಊರಲ್ಲಿ ಸಾವಿರಾರು ಕಪ್ಪು ಹಕ್ಕಿಗಳು ಆಕಾಶದಿಂದ ಉದುರಿದ್ವು, ಅದೇ ಹೊತ್ತಿಗೆ 2011ರ ಜನವರಿಯಲ್ಲಿ ಟ್ಯಾಂಪಾ ಏರ್‌ಪೋರ್ಟ್‌ನವರು ಕಾಂತೀಯ ಉತ್ತರ ಸರಿದಿದೆ ಅಂತ ರನ್‌ವೇ ನಂಬರ್ ಬದಲಾಯಿಸಿ ಹೊಸದಾಗಿ ಪೇಂಟ್ ಹೊಡೆದ್ರು, ಇವೆರಡನ್ನೂ ಸೇರಿಸಿ ಒಂದು ಕಥೆ ಹೆಣೆಯೋಕೆ ಎಷ್ಟೊತ್ತು ಬೇಕು ಹೇಳಿ. ಹಕ್ಕಿಗಳನ್ನ ಕುಯ್ದು ನೋಡಿದ್ರೆ ಒಳಗೆಲ್ಲ ಪೆಟ್ಟು ಬಿದ್ದು ರಕ್ತ ಹೆಪ್ಪುಗಟ್ಟಿತ್ತು, ಹೊಸ ವರ್ಷದ ಪಟಾಕಿ ಸದ್ದಿಗೆ ಬೆದರಿ ಕತ್ತಲಲ್ಲಿ ಹಾರಿ ಮನೆ ಮರಕ್ಕೆಲ್ಲ ಗುದ್ದಿಕೊಂಡಿದ್ವು ಪಾಪ. ಹಾಗೇ 2015ರ ಮೇ ತಿಂಗಳಲ್ಲಿ ಕಜಕಸ್ತಾನದಲ್ಲಿ ಎರಡು ಲಕ್ಷಕ್ಕೂ ಜಾಸ್ತಿ ಸೈಗಾ ಜಿಂಕೆ ಮೂರು ವಾರದಲ್ಲಿ ಸತ್ತಾಗ್ಲೂ ಏನೇನೋ ಹೇಳಿದ್ರು, ಕೊನೆಗೆ ಸಿಕ್ಕಿದ್ದು ಪಾಶ್ಚುರೆಲ್ಲಾ ಅನ್ನೋ ಬ್ಯಾಕ್ಟೀರಿಯಾ, ಅದಕ್ಕೆ ಕುಮ್ಮಕ್ಕು ಕೊಟ್ಟಿದ್ದು ಆ ವರ್ಷದ ವಿಚಿತ್ರ ಸೆಕೆ ಮತ್ತೆ ತೇವ. ಇಂಥವು ಎಷ್ಟೋ ಇವೆ. ಹಾಗಾಗಿ ಈ ತಿಮಿಂಗಿಲದ ಕೇಸನ್ನೂ ಅದೇ ಬುಟ್ಟಿಗೆ ಹಾಕಿ ಸುಮ್ಮನಾಗಬಹುದಿತ್ತು. ಆದ್ರೆ ಓದ್ತಾ ಹೋದಂಗೆ ಇದು ಆ ಜಾತಿ ಅಲ್ಲ ಅನ್ನಿಸ್ತು, ಇಲ್ಲಿ ಮೆಕ್ಯಾನಿಸಮ್ ಇದೆ, ಜಾಗ ಇದೆ, ತಾರೀಕು ಇದೆ, ತಪ್ಪು ಅಂತ ತೋರಿಸೋಕೂ ದಾರಿ ಇದೆ.

ಮೊದಲು ಹೆಣಗಳು ಏನು ಹೇಳಿದ್ವು ಅಂತ ನೋಡೋಣ, ಯಾಕಂದ್ರೆ ಪೋಸ್ಟ್ ಮಾರ್ಟಂ ರಿಪೋರ್ಟ್ ಬಿಟ್ಟು ಸೂರ್ಯನ ಕಡೆ ಓಡೋದು ಸರಿಯಲ್ಲ. 30ರಲ್ಲಿ 27ನ್ನ ಕುಯ್ದು ನೋಡಿದ್ರು ಇಲ್ಲಾ ಸ್ಯಾಂಪಲ್ ತಗೊಂಡ್ರು. ಸಲೀಸಾದ ಕೆಲಸ ಅಲ್ಲ ಅದು, ಸತ್ತ ಸ್ಪರ್ಮ್ ವೇಲ್ ಒಳಗೆ ಕೊಳೆತು ಗ್ಯಾಸ್ ತುಂಬ್ಕೊಂಡು ಡೋಲಿನ ಥರ ಬಿಗೀತಾ ಹೋಗತ್ತೆ, ಸ್ಕೆಗ್‌ನೆಸ್‌ನಲ್ಲಿ ಒಂದಕ್ಕೆ ಚಾಕು ಹಾಕಿದ ತಕ್ಷಣ ಬುಸ್ಸಂತ ಗಾಳಿ ಹೊಡೀತಂತೆ. ಸಿಕ್ಕಿದ್ದೇನು? ಎಲ್ಲವೂ ಗಂಡು, ಎಲ್ಲವೂ ಇನ್ನೂ ಪೂರ್ತಿ ಬೆಳೆಯದ ಹುಡುಗರು. ಮೈಯಲ್ಲಿ ಕೊಬ್ಬು ಚೆನ್ನಾಗೇ ಇತ್ತು, ಉಪವಾಸ ಬಿದ್ದು ಸೊರಗಿದ ಪ್ರಾಣಿಗಳಲ್ಲ. ಎಲ್ಲವನ್ನೂ ಒಟ್ಟಿಗೆ ಕೊಲ್ಲೋ ಥರದ ರೋಗ ಸಿಗಲಿಲ್ಲ. 22 ಹೊಟ್ಟೆ ನೋಡಿದ್ರಲ್ಲಿ 9ರಲ್ಲಿ ಕಸ ಇತ್ತು, ಒಂದರಲ್ಲಂತೂ ಸೀಗಡಿ ಹಿಡಿಯೋಕೆ ಬಳಸೋ 13 ಮೀಟರ್ ಬಲೆ, ಇನ್ನೊಂದರಲ್ಲಿ ಕಾರಿನ ಇಂಜಿನ್ ಮುಚ್ಚೋ ಪ್ಲಾಸ್ಟಿಕ್ ಕವರಿನ 70 ಸೆಂಟಿಮೀಟರ್ ತುಂಡು! ಫೋಟೋ ನೋಡಿದ್ರೆ ಹೊಟ್ಟೆ ತೊಳಸತ್ತೆ ನಿಜ, ಆದ್ರೆ ಇವು ಸತ್ತಿದ್ದು ಅದರಿಂದ ಅಲ್ಲ ಅಂತ ಕುಯ್ದು ನೋಡಿದವರೇ ಸ್ಪಷ್ಟವಾಗಿ ಹೇಳಿದ್ದಾರೆ. ಸತ್ತಿದ್ದು ದಡಕ್ಕೆ ಬಿದ್ದಿದ್ದರಿಂದ. ನೀರಲ್ಲಿ ಇರೋವರೆಗೂ ಆ ಮೈ ಭಾರವೇ ಅಲ್ಲ, ಮರಳ ಮೇಲೆ ಕೂತ ಕ್ಷಣದಿಂದ ಅದರ ತೂಕವೇ ಅದರ ಶ್ವಾಸಕೋಶ ಒತ್ತತ್ತೆ, ರಕ್ತ ಓಡಾಡಲ್ಲ, ಚಳಿ ತಡೆಯೋಕೆ ಅಂತ ಇರೋ ದಪ್ಪ ಕೊಬ್ಬು ಈಗ ಒಳಗಿನ ಬಿಸಿ ಹೊರಗೆ ಹೋಗದಂಗೆ ಕಂಬಳಿ ಥರ ಕೂರತ್ತೆ, ಕೆಲವು ಗಂಟೆಯಲ್ಲಿ ಮುಗೀತು.

ಹೊಟ್ಟೆಯಲ್ಲಿ ಇನ್ನೊಂದು ವಸ್ತು ಸಿಕ್ಕಿತ್ತು, ನನ್ನ ಪ್ರಕಾರ ಇಡೀ ಕೇಸಲ್ಲಿ ಅದೇ ದೊಡ್ಡ ಸಾಕ್ಷಿ, ಬಲೆ ಕಾರು ಗಲಾಟೆಯಲ್ಲಿ ಅದು ಸುದ್ದಿಯಾಗಲಿಲ್ಲ ಅಷ್ಟೇ. ಸ್ಕ್ವಿಡ್ ಅನ್ನೋ ಹಲವು ತೋಳಿನ ಮೆತ್ತನೆ ಮೈಯ ಕಡಲ ಪ್ರಾಣಿಯ ಕೊಕ್ಕು. ಸ್ಕ್ವಿಡ್‌ನ ಮೈಯೆಲ್ಲ ಕರಗಿ ಹೋದ್ರೂ ಗಿಣಿ ಕೊಕ್ಕಿನ ಥರ ಇರೋ ಅದರ ಗಟ್ಟಿ ಬಾಯಿ ತಿಮಿಂಗಿಲದ ಹೊಟ್ಟೆಯಲ್ಲಿ ಕರಗದೆ ಉಳಿಯತ್ತೆ, ಅದರ ಆಕಾರ ನೋಡಿ ಯಾವ ಜಾತಿ ಅಂತ ಹೇಳಬಹುದು. ಇಲ್ಲಿ ಸಿಕ್ಕಿದ್ದು ಹೆಚ್ಚಾಗಿ ಗೊನಾಟಸ್ ಫ್ಯಾಬ್ರಿಸಿ, ನಾರ್ವೆಯ ಮೇಲಿರೋ ಆಳವಾದ ತಣ್ಣನೆ ನೀರಿನ ಸ್ಕ್ವಿಡ್. ನಾರ್ತ್ ಸೀಯಲ್ಲಿ ಊಟ ಮಾಡಿದ ಗುರುತು ಇರ್ಲಿಲ್ಲ. ಅಂದ್ರೆ ಇವು ಮೇಲೆ ನಾರ್ವೇಜಿಯನ್ ಸಮುದ್ರದಲ್ಲಿ ಚೆನ್ನಾಗಿ ತಿಂದುಂಡು ಇದ್ವು, ಆಮೇಲೆ ದಕ್ಷಿಣಕ್ಕೆ ಹೊರಟ್ವು, ಎಲ್ಲೋ ಒಂದು ತಿರುವು ತಪ್ಪಾಯ್ತು. ಸಾವಿನ ಕಾರಣ ದಡದಲ್ಲಿದೆ, ಆದ್ರೆ ತಪ್ಪು ನಡೆದಿದ್ದು ಸಾವಿರ ಕಿಲೋಮೀಟರ್ ಉತ್ತರಕ್ಕೆ. ಈ ಎರಡನ್ನ ಬೇರೆ ಮಾಡಿ ನೋಡದೇ ಇದ್ರೆ ಇಡೀ ಚರ್ಚೆ ಗೋಜಲು.

ಆ ತಿರುವು ಯಾವುದು ಅಂದ್ರೆ ಮ್ಯಾಪ್ ತೆಗೆದು ನೋಡಿ. ಸ್ಪರ್ಮ್ ವೇಲ್ ಹೆಣ್ಣುಗಳು ಮರಿಗಳು ಬೆಚ್ಚಗಿನ ನೀರಲ್ಲೇ ಇರ್ತವೆ, ಅಟ್ಲಾಂಟಿಕ್ ನಡುವಿನ ಅಜೋರ್ಸ್ ದ್ವೀಪಗಳ ಕಡೆ. ಗಂಡುಗಳು 10-15 ವರ್ಷ ಆಗ್ತಿದ್ದಂಗೆ ಮನೆ ಬಿಟ್ಟು ಹುಡುಗರ ಗುಂಪು ಕಟ್ಕೊಂಡು ಸ್ಕ್ವಿಡ್ ಹುಡುಕ್ಕೊಂಡು ಉತ್ತರಕ್ಕೆ ಹೋಗ್ತವೆ, ಆಮೇಲೆ ವಾಪಸ್ ಬರ್ತವೆ. ವಾಪಸ್ ಬರೋವಾಗ ಸರಿಯಾದ ದಾರಿ ಸ್ಕಾಟ್‌ಲೆಂಡ್‌ನ ಉತ್ತರಕ್ಕಿರೋ ಶೆಟ್‌ಲ್ಯಾಂಡ್ ದ್ವೀಪಗಳ ಪಶ್ಚಿಮಕ್ಕೆ, ಆಳವಾದ ಅಟ್ಲಾಂಟಿಕ್‌ಗೆ. ಶೆಟ್‌ಲ್ಯಾಂಡ್ ಮತ್ತೆ ನಾರ್ವೆ ಮಧ್ಯೆ ಇರೋ ಬಾಗಿಲಲ್ಲಿ ಒಳಗೆ ಬಂದ್ರೆ ನಾರ್ತ್ ಸೀ, ಅದು ಚೀಲ ಇದ್ದಂಗೆ, ಬಾಯಿ ಅಗಲ, ಒಳಗೆ ಹೋಗ್ತಾ ಹೋಗ್ತಾ ಕಿರಿದಾಗತ್ತೆ, ಆಳ ಕಮ್ಮಿ ಆಗ್ತಾ ಬರತ್ತೆ, ಸರಾಸರಿ ಆಳ 100 ಮೀಟರ್ ಕೂಡ ಇಲ್ಲ, ದಕ್ಷಿಣದಲ್ಲಂತೂ 50ಕ್ಕಿಂತ ಕಮ್ಮಿ. ಒಂದು ಕಿಲೋಮೀಟರ್ ಆಳಕ್ಕೆ ಮುಳುಗಿ ಬೇಟೆ ಆಡೋ ಪ್ರಾಣಿಗೆ ಇದು ಬಚ್ಚಲು ನೀರು! ಅದು ಟಿಕ್ ಟಿಕ್ ಅಂತ ಕ್ಲಿಕ್ ಬಿಟ್ಟು ಪ್ರತಿಧ್ವನಿ ಕೇಳ್ಕೊಂಡು ಮುಂದೇನಿದೆ ಅಂತ ತಿಳ್ಕೊಳೋ ಪ್ರಾಣಿ, ಇಲ್ಲಿ ಮರಳು ಕೆಸರಿನ ತಳ ನಿಧಾನಕ್ಕೆ ಏರ್ತಾ ಹೋಗೋದ್ರಿಂದ ಪ್ರತಿಧ್ವನಿ ನೆಟ್ಟಗೆ ತಿರುಗಿ ಬರಲ್ಲ, ಮುಂದೆ ದಡ ಇದೆ ಅಂತ ಗೊತ್ತಾಗೋ ಹೊತ್ತಿಗೆ ಹೊಟ್ಟೆ ತಳಕ್ಕೆ ತಾಗಿರತ್ತೆ, ಮೇಲಿಂದ ಇಳಿತ ಶುರುವಾದ್ರೆ ಮುಗೀತು ಕಥೆ. ಜೊತೆಗೆ ಅದು ತಿನ್ನೋ ಸ್ಕ್ವಿಡ್ ಅಲ್ಲಿಲ್ಲ, ಇವುಗಳಿಗೆ ಕುಡಿಯೋ ನೀರು ಕೂಡ ತಿನ್ನೋ ಆಹಾರದಿಂದಲೇ ಸಿಗಬೇಕು, ಹಾಗಾಗಿ ದಿನ ಕಳೆದಂಗೆ ದೇಹ ಒಣಗತ್ತೆ, ಸುಸ್ತು. ಟೆಸೆಲ್, ಕೈಸರ್ ವಿಲ್‌ಹೆಲ್ಮ್ ಕೋಗ್ ಎಲ್ಲ ಈ ಚೀಲದ ತಳದಲ್ಲಿರೋ ಜಾಗಗಳು.

ಹಾಗಾದ್ರೆ ಪ್ರಶ್ನೆ ಒಂದೇ, ಬಾಗಿಲ ಹತ್ರ ಎಡಕ್ಕೆ ಯಾಕೆ ತಿರುಗಿದ್ವು?

ಫಾನ್ಸೆಲೋ ವಾದ ಶುರುವಾಗೋದು ಇಲ್ಲಿಂದ. ಭೂಮಿಯ ಕಾಂತಕ್ಷೇತ್ರ ಎಲ್ಲ ಕಡೆ ಒಂದೇ ಥರ ಇಲ್ಲ, ಜಾಗ ನೋಡ್ಕೊಂಡು ಸುಮಾರು 25,000ದಿಂದ 65,000 ನ್ಯಾನೋಟೆಸ್ಲಾವರೆಗೆ (ಕಾಂತಕ್ಷೇತ್ರದ ಬಲ ಅಳೆಯೋ ಮಾನ ಅದು) ಬದಲಾಗತ್ತೆ, ಯೂರೋಪಿನ ಆ ಭಾಗದಲ್ಲಿ ಹೆಚ್ಚುಕಡಿಮೆ 50,000, ಉತ್ತರಕ್ಕೆ ಹೋದಂಗೆ ಏರ್ತಾ ಹೋಗತ್ತೆ. ನೆಲದೊಳಗಿನ ಬಂಡೆಗಳು ಅದಕ್ಕೆ ಅಲ್ಲಲ್ಲಿ ಗುಡ್ಡ ಕಣಿವೆ ಸೇರಿಸ್ತವೆ. ನಾರ್ವೆ ಕರಾವಳಿ ಉದ್ದಕ್ಕೂ ಇಂಥ ಕಾಂತೀಯ ಗುಡ್ಡಗಳು ಸಾಲಾಗಿವೆ, ಕಣ್ಣಿಗೆ ಕಾಣದ ಬೇಲಿ ಥರ. ಪ್ರಾಣಿಗೆ ಈ ಏರಿಳಿತ ಗೊತ್ತಾಗತ್ತೆ ಅಂತಿಟ್ಕೊಳ್ಳಿ, ಆಗ ಕತ್ತಲ ನೀರಲ್ಲೂ ಅದಕ್ಕೆ ಒಂದು ಮ್ಯಾಪ್ ಇದ್ದಂಗೆ, ಆ ಬೇಲಿ ಬಂತು ಅಂದ್ರೆ ಇಲ್ಲಿಂದ ಆಚೆ ಹೋಗಬಾರದು ಅಂತ. ಸೌರ ಬಿರುಗಾಳಿ ಬಂದಾಗ ಸೂರ್ಯನಿಂದ ಹೊರಟ ಪ್ಲಾಸ್ಮಾ, ಅಂದ್ರೆ ವಿದ್ಯುತ್ ತುಂಬಿದ ಕಣಗಳ ಮೋಡ ಎರಡು ಮೂರು ದಿನದಲ್ಲಿ ಭೂಮಿ ತಲುಪಿ ನಮ್ಮ ಕಾಂತಕ್ಷೇತ್ರಕ್ಕೆ ಗುದ್ದತ್ತೆ, ಧ್ರುವದ ಹತ್ರ ಸುಮಾರು ನೂರು ಕಿಲೋಮೀಟರ್ ಮೇಲೆ ಭಾರೀ ವಿದ್ಯುತ್ ಪ್ರವಾಹ ಹರಿಯೋಕೆ ಶುರುವಾಗತ್ತೆ, ನಮಗೆ ಕಾಣೋದು ಅರೋರಾ ಅನ್ನೋ ಹಸಿರು ಕೆಂಪು ಆಕಾಶದ ಬೆಳಕು, ಆದ್ರೆ ಅದೇ ಪ್ರವಾಹ ನೆಲದ ಮೇಲಿನ ಕಾಂತಕ್ಷೇತ್ರವನ್ನ ನೂರಾರು ನ್ಯಾನೋಟೆಸ್ಲಾ ಮೇಲೆ ಕೆಳಗೆ ಎಳೆದಾಡತ್ತೆ. ಅಂದ್ರೆ ಮ್ಯಾಪೇ ಜಾರತ್ತೆ. ಗುಡ್ಡ ಚಪ್ಪಟೆ ಆಗಬಹುದು, ಬೇಲಿ ಬೇರೆ ಕಡೆ ಕಾಣಬಹುದು.

2015ರ ಡಿಸೆಂಬರ್ 20-21ಕ್ಕೆ ಒಂದು ಬಿರುಗಾಳಿ, ಡಿಸೆಂಬರ್ 31-ಜನವರಿ 1ಕ್ಕೆ ಇನ್ನೊಂದು. ಕಾಂತ ಬಿರುಗಾಳಿ ಅಳೆಯೋಕೆ ಡಿಎಸ್‌ಟಿ ಅಂತ ಒಂದು ಇಂಡೆಕ್ಸ್ ಇದೆ, ಮೈನಸ್ ಕಡೆ ಎಷ್ಟು ಇಳಿದ್ರೆ ಅಷ್ಟು ಜೋರು. ಮೊದಲನೇದು ಮೈನಸ್ 150 ದಾಟಿತ್ತು, ಎರಡನೇದು ಮೈನಸ್ 100. ಸಣ್ಣದಲ್ಲ, ಹಾಗಂತ ಶತಮಾನದ ಬಿರುಗಾಳಿಯೂ ಅಲ್ಲ, ಅದೇ ವರ್ಷದ ಮಾರ್ಚ್‌ನಲ್ಲಿ ಮೈನಸ್ 200 ದಾಟಿದ್ದು ಬಂದಿತ್ತು. ನಾರ್ವೆಯ ಸೋಲುಂಡ್‌ನಲ್ಲಿರೋ ಮಾಪನ ಕೇಂದ್ರದ ದಾಖಲೆ ಇಟ್ಕೊಂಡು, ಶೆಟ್‌ಲ್ಯಾಂಡ್ ಮತ್ತೆ ನಾರ್ವೆ ಮಧ್ಯದ ಜಾಗದಲ್ಲಿ, ಕಾಂತೀಯ ಮ್ಯಾಪ್ 460 ಕಿಲೋಮೀಟರ್‌ವರೆಗೆ ಜಾರಿದಂಗೆ ಪ್ರಾಣಿಗೆ ಕಂಡಿರಬಹುದು ಅಂತ ಆ ಟೀಮ್ ಲೆಕ್ಕ ಹಾಕ್ತು. ಶೆಟ್‌ಲ್ಯಾಂಡ್‌ನಿಂದ ನಾರ್ವೆಗೆ ಇರೋದೇ 300-350 ಕಿಲೋಮೀಟರ್. ಅಂದ್ರೆ ಆ ರಾತ್ರಿ ಬಾಗಿಲೇ ಜಾಗ ಬಿಟ್ಟು ಹೋಗಿತ್ತು ಅಂದ್ಕೊಳ್ಳಿ.

ಅವರ ಇನ್ನೊಂದು ಮಾತು ನನಗೆ ಬಹಳ ಹಿಡಿಸ್ತು, ಯಾಕೆ ಹುಡುಗರೇ ಸತ್ರು ಅನ್ನೋದಕ್ಕೆ. ಅರೋರಾ ವಲಯ ಉತ್ತರದಲ್ಲಿದೆ, ಬೆಚ್ಚಗಿನ ನೀರಲ್ಲಿ ಅಮ್ಮಂದಿರ ಜೊತೆ ಬೆಳೆದ ಮರಿಗಳಿಗೆ ಬಿರುಗಾಳಿ ಟೈಮಲ್ಲೂ ಕಾಂತಕ್ಷೇತ್ರ ಅಷ್ಟಾಗಿ ಅಲ್ಲಾಡಲ್ಲ, ಹಾಗಾಗಿ ಮ್ಯಾಪ್ ಸುಳ್ಳು ಹೇಳತ್ತೆ ಅನ್ನೋ ಅನುಭವವೇ ಅವಕ್ಕಿಲ್ಲ. ಅದೇ ಮೊದಲ ಸಲ ಇಲ್ಲಾ ಎರಡನೇ ಸಲ ಉತ್ತರಕ್ಕೆ ಬಂದಿರೋರು. ದೊಡ್ಡ ಗಂಡುಗಳು ಇಂಥ ಎಷ್ಟೋ ರಾತ್ರಿ ನೋಡಿ, ಇದೇನೋ ಎಡವಟ್ಟು ಆಗ್ತಿದೆ ಸ್ವಲ್ಪ ನಿಲ್ಲೋಣ ಅಂತ ಕಲಿತಿರಬಹುದು. ಇದಕ್ಕೆ ಪುರಾವೆ ಇಲ್ಲ, ಊಹೆ. ಊಹೆ ಆದ್ರೂ ಸತ್ತವರ ಪಟ್ಟಿಗೆ ಸರಿಯಾಗಿ ಕೂರತ್ತೆ.

ಈಗ ನನ್ನ ಲೆಕ್ಕ. ಸ್ಪರ್ಮ್ ವೇಲ್ ಗಂಟೆಗೆ ಸುಮಾರು 5 ಕಿಲೋಮೀಟರ್ ಹೋಗತ್ತೆ, ದಿನಕ್ಕೆ 120 ಅಂತಿಟ್ಕೊಳ್ಳಿ, ಎಲ್ಲೂ ನಿಲ್ಲದೆ. ನಾರ್ವೆ ಶೆಟ್‌ಲ್ಯಾಂಡ್ ಬಾಗಿಲಿನ ಮೇಲ್ಭಾಗ, ಅಂದ್ರೆ 62 ಡಿಗ್ರಿ ಉತ್ತರದಿಂದ ವಾಂಗರೋಗೆಗೆ ನೇರ ಗೆರೆ ಎಳೆದ್ರೆ 900 ಕಿಲೋಮೀಟರ್ ಮೇಲೆ. ಏಳೂವರೆ ಎಂಟು ದಿನ. ಜನವರಿ 1ರ ಬಿರುಗಾಳಿಗೆ ದಾರಿ ತಪ್ಪಿ ಜನವರಿ 8ಕ್ಕೆ ದಡಕ್ಕೆ ಬೀಳಬೇಕು ಅಂದ್ರೆ ಅವು ಒಂದು ನಿಮಿಷ ಕೂಡ ಅತ್ತಿತ್ತ ನೋಡದೆ ಸೀದಾ ಬಂದಿರಬೇಕು, ದಾರಿ ತಪ್ಪಿದೋರು ಹಾಗೆ ಬರ್ತಾರಾ? ಹಾಗಾಗಿ ವಾಂಗರೋಗೆ, ಟೆಸೆಲ್ ಗುಂಪುಗಳಿಗೆ ಡಿಸೆಂಬರ್ 20ರ ಬಿರುಗಾಳಿಯೇ ಹೊಂದತ್ತೆ, 19 ದಿನ 23 ದಿನ ಅಂತರ, ಅಲೆದಾಡೋಕೆ ಟೈಮ್ ಇದೆ. ಕೈಸರ್ ವಿಲ್‌ಹೆಲ್ಮ್ ಕೋಗ್‌ನ ಎಂಟಕ್ಕೆ ಎರಡರಲ್ಲಿ ಯಾವುದಾದ್ರೂ ಆಗಬಹುದು. ಇಲ್ಲೇ ನೋಡಿ ಸಣ್ಣ ಮುಳ್ಳು ಚುಚ್ಚತ್ತೆ, ಎರಡು ಬಿರುಗಾಳಿ, ಏಳು ವಾರದ ಸಾವುಗಳು, ಅಂತರ ಎಷ್ಟಿರಬೇಕು ಅಂತ ಮೊದಲೇ ಹೇಳಿಲ್ಲ, ಅಂದ ಮೇಲೆ ಯಾವ ಸಾವನ್ನಾದ್ರೂ ಯಾವುದಾದ್ರೂ ಬಿರುಗಾಳಿಗೆ ಗಂಟು ಹಾಕಬಹುದಲ್ವಾ. ಸೂರ್ಯ ಚುರುಕಾಗಿರೋ ವರ್ಷಗಳಲ್ಲಿ ಇಂಥ ಬಿರುಗಾಳಿ ವರ್ಷಕ್ಕೆ ಹಲವು ಬರ್ತವೆ.

ಎರಡನೇ ತೊಡಕು ಇನ್ನೂ ದೊಡ್ಡದು. ಬಿರುಗಾಳಿ ಇರೋದು ಕೆಲವು ಗಂಟೆ, ಹೆಚ್ಚಂದ್ರೆ ಒಂದೆರಡು ದಿನ. ಆಮೇಲೆ ಮ್ಯಾಪ್ ಮತ್ತೆ ತನ್ನ ಜಾಗಕ್ಕೆ ಬರತ್ತೆ. ಬಂದ ಮೇಲೂ ಯಾಕೆ ತಿರುಗಿ ಹೋಗಲಿಲ್ಲ? ಒಂದು ದಿನದಲ್ಲಿ ನೂರು ಚಿಲ್ಲರೆ ಕಿಲೋಮೀಟರ್ ತಪ್ಪು ನಡೆದಿರ್ತವೆ, ಅಷ್ಟರಲ್ಲಿ ಚೀಲದ ಬಾಯಲ್ಲಿ ಇರ್ತವೆ, ತಳದಲ್ಲಿ ಅಲ್ಲ. ಒಂದ್ಸಲ ಒಳಗೆ ಬಂದ ಮೇಲೆ ದಕ್ಷಿಣಕ್ಕೆ ಹೋದ್ರೆ ಅಟ್ಲಾಂಟಿಕ್ ಸಿಗತ್ತೆ ಅನ್ನೋ ಹಠದಲ್ಲೇ ಮುಂದುವರಿದ್ವು ಅಂತ ಹೇಳಬಹುದು, ಇಂಗ್ಲಿಷ್ ಕಾಲುವೆಯ ಇಕ್ಕಟ್ಟು ಬಾಯಿ ಬಿಟ್ರೆ ದಕ್ಷಿಣಕ್ಕೆ ಇರೋದೆಲ್ಲ ಗೋಡೆಯೇ. ಹೇಳಬಹುದು ಅಷ್ಟೇ.

ಮೂರನೇದು ಹವಾಮಾನ. 2015ರ ಡಿಸೆಂಬರ್ ಬ್ರಿಟನ್‌ನಲ್ಲಿ ದಾಖಲೆ ಬರೆದ ತಿಂಗಳು, ಅಷ್ಟು ಬಿಸಿ ಡಿಸೆಂಬರ್ ಅಲ್ಲಿ ಅದಕ್ಕೆ ಮುಂಚೆ ದಾಖಲಾಗಿರ್ಲಿಲ್ಲ, ಮಳೆಯಂತೂ ಯಾವ ತಿಂಗಳ ದಾಖಲೆಯನ್ನೂ ಮೀರಿಸ್ತು, ಡೆಸ್ಮಂಡ್, ಈವಾ, ಫ್ರಾಂಕ್ ಅಂತ ಒಂದರ ಹಿಂದೆ ಒಂದು ಚಂಡಮಾರುತ. ಫ್ರಾಂಕ್ ಬಂದಿದ್ದು ಡಿಸೆಂಬರ್ 29-30ಕ್ಕೆ, ಎರಡನೇ ಸೌರ ಬಿರುಗಾಳಿಯ ಹಿಂದಿನ ದಿನ! ಗಾಳಿ, ಬೆಚ್ಚಗಿನ ನೀರು, ಅದರ ಹಿಂದೆ ಸ್ಕ್ವಿಡ್, ಸ್ಕ್ವಿಡ್ ಹಿಂದೆ ಹುಡುಗರು ಅಂತ ಇನ್ನೊಂದು ಕಥೆಯೂ ಅಷ್ಟೇ ಚೆನ್ನಾಗಿ ಕೂರತ್ತೆ, ನಾರ್ತ್ ಸೀ ತಿಮಿಂಗಿಲಗಳ ಹಳೇ ದಾಖಲೆಯಲ್ಲಿ ಬಿಸಿ ವರ್ಷಗಳಿಗೂ ದಡಕ್ಕೆ ಬೀಳೋದಕ್ಕೂ ಸಂಬಂಧ ಇದೆ ಅಂತ ತೋರಿಸಿದ ಅಧ್ಯಯನವೂ ಇದೆ. ಆಕಾಶದ ಎರಡು ಬಿರುಗಾಳಿ ಒಂದೇ ವಾರದಲ್ಲಿ ಬಂದ್ರೆ ಯಾವುದರ ಮೇಲೆ ಕೇಸ್ ಹಾಕ್ತೀರಾ?

ಹಳೇ ದಾಖಲೆ ಅಂದಾಗ ನೆನಪಾಯ್ತು, ಇದೇ ಫಾನ್ಸೆಲೋ 2005ರಲ್ಲೇ ಇನ್ನೊಬ್ಬರ ಜೊತೆ ಸೇರಿ ಸುಮಾರು 300 ವರ್ಷದ, 1712ರಿಂದ 2003ರವರೆಗಿನ, 97 ನಾರ್ತ್ ಸೀ ದಾಖಲೆ ಜೋಡಿಸಿದ್ರು. ಸೂರ್ಯನ ಚಕ್ರ ಸರಾಸರಿ 11 ವರ್ಷ, ಆದ್ರೆ ಕೆಲವು ಚಕ್ರ ಬೇಗ ಮುಗೀತವೆ ಕೆಲವು ಎಳೀತವೆ, ಬೇಗ ಮುಗಿಯೋವು ಸಾಮಾನ್ಯವಾಗಿ ಜೋರಾದ ಚಕ್ರಗಳು. ಆ 97ರಲ್ಲಿ 90 ಪರ್ಸೆಂಟ್ ಬಿದ್ದಿದ್ದು 11ಕ್ಕಿಂತ ಚಿಕ್ಕ ಚಕ್ರಗಳ ಕಾಲದಲ್ಲಿ. ಕೇಳೋಕೆ ಭಾರೀ ಅನ್ಸತ್ತೆ. ನನಗೆ ಇದು ಅಷ್ಟು ಗಟ್ಟಿ ಅನ್ನಿಸಲ್ಲ, ಯಾಕಂದ್ರೆ 1700ರಲ್ಲಿ ಯಾರು ಬರೆದಿಡ್ತಿದ್ರು ಯಾರು ಬಿಡ್ತಿದ್ರು, ತಿಮಿಂಗಿಲ ಬೇಟೆಯಿಂದ ಸಂಖ್ಯೆ ಎಷ್ಟು ಕುಸಿದು ಎಷ್ಟು ಏರ್ತು, ಇದೆಲ್ಲ ಸೂರ್ಯನ ಚಕ್ರದ ಜೊತೆ ತಾನಾಗೇ ಹೊಂದ್ಕೊಂಡಿರಬಹುದು. ಇನ್ನೂ ಒಂದು ವಿಷಯ, 1996ರ ಮಾರ್ಚ್‌ನಲ್ಲಿ ಡೆನ್ಮಾರ್ಕ್‌ನ ರೋಮೋ ದ್ವೀಪದಲ್ಲಿ ಒಂದೇ ಸಲಕ್ಕೆ 16 ಸ್ಪರ್ಮ್ ವೇಲ್ ಬಿದ್ವು, ಆ ವರ್ಷ ಸೂರ್ಯ ತನ್ನ ಚಕ್ರದ ತಳದಲ್ಲಿದ್ದ, ಸನ್‌ಸ್ಪಾಟ್, ಅಂದ್ರೆ ಸೂರ್ಯನ ಮೇಲಿನ ಕಪ್ಪು ಚುಕ್ಕೆಗಳು, ಬೆರಳೆಣಿಕೆ. ಚಕ್ರ ಎಷ್ಟು ಉದ್ದ ಅನ್ನೋ ಲೆಕ್ಕಕ್ಕೆ ಅದು ಹೊಂದಿದ್ರೂ, ದೊಡ್ಡ ಬಿರುಗಾಳಿ ಬಡಿದು ದಾರಿ ತಪ್ತು ಅನ್ನೋ ಕಥೆಗೆ ಹೊಂದಿಸೋಕೆ ಸ್ವಲ್ಪ ತಿಣುಕಬೇಕು.

ಜಾಗದ ಲೆಕ್ಕದಲ್ಲೂ ಇದೇ ಗೊಂದಲ. 1985ರಲ್ಲಿ ಬ್ರಿಟನ್ ಕರಾವಳಿ, 1986ರಲ್ಲಿ ಅಮೆರಿಕದ ಪೂರ್ವ ಕರಾವಳಿ ನೋಡಿದವರಿಗೆ ಜೀವಂತ ತಿಮಿಂಗಿಲಗಳು ದಡಕ್ಕೆ ಬೀಳೋ ಜಾಗಕ್ಕೂ ಕಾಂತಕ್ಷೇತ್ರ ಕಮ್ಮಿ ಇರೋ ಗೆರೆಗಳು ದಡ ದಾಟೋ ಜಾಗಕ್ಕೂ ತಾಳೆ ಆಯ್ತು, 1994ರಲ್ಲಿ ನ್ಯೂಜಿಲೆಂಡ್‌ನಲ್ಲಿ ನೋಡಿದ್ರೆ ಏನೂ ಇಲ್ಲ.

ಇಲ್ಲಿವರೆಗೆ ಬಂದಾಗ ನಾನು ಈ ಕೇಸನ್ನ ಸಾಕ್ಷಿ ಸಾಲದು ಅಂತ ಮುಚ್ಚೋದ್ರಲ್ಲಿದ್ದೆ. ತೆರೆದಿಟ್ಟಿದ್ದು 2020ರ ಇನ್ನೊಂದು ಕೆಲಸ. ಅಮೆರಿಕದ ಡ್ಯೂಕ್ ಯೂನಿವರ್ಸಿಟಿಯ ಜೆಸ್ಸಿ ಗ್ರೇಂಜರ್ ಮತ್ತೆ ಜೊತೆಗಾರರು ಬೇರೆ ಜಾತಿ ತಗೊಂಡ್ರು, ಗ್ರೇ ವೇಲ್, ಮೆಕ್ಸಿಕೋದಿಂದ ಅಲಾಸ್ಕಾ ಕಡೆಗೆ ದಡದ ಪಕ್ಕದಲ್ಲೇ ಸಾವಿರಾರು ಕಿಲೋಮೀಟರ್ ಓಡಾಡೋದು. 1985ರಿಂದ 2018ರವರೆಗೆ ಜೀವಂತವಾಗಿ, ಗಾಯ ರೋಗ ಏನೂ ಇಲ್ಲದೆ ದಡಕ್ಕೆ ಬಂದ 186 ಪ್ರಕರಣ ಆರಿಸ್ಕೊಂಡ್ರು. ಗಾಯ ಆಗಿರೋದನ್ನ, ಸೊರಗಿರೋದನ್ನ ಮೊದಲೇ ತೆಗೆದು ಹಾಕಿದ್ದು ನನಗೆ ಇಷ್ಟ ಆಯ್ತು, ಬರೀ ದಾರಿ ತಪ್ಪಿದೋರೇ ಉಳಿದ್ರು. ಸನ್‌ಸ್ಪಾಟ್ ಜಾಸ್ತಿ ಇರೋ ದಿನಗಳಲ್ಲಿ ದಡಕ್ಕೆ ಬರೋದು ಎರಡು ಪಟ್ಟಿಗೂ ಜಾಸ್ತಿ. ಸೂರ್ಯನಿಂದ ಬರೋ ರೇಡಿಯೋ ಗದ್ದಲ ಜೋರಾಗಿರೋ ದಿನಗಳಲ್ಲಂತೂ ನಾಲ್ಕು ಪಟ್ಟು ಮೀರಿ. ಆದ್ರೆ ಭೂಮಿಯ ಕಾಂತಕ್ಷೇತ್ರ ಎಷ್ಟು ಅಲ್ಲಾಡ್ತು ಅನ್ನೋದಕ್ಕೂ ದಡಕ್ಕೆ ಬರೋದಕ್ಕೂ ಸಂಬಂಧ ಸಿಗಲಿಲ್ಲ.

ಇದರ ಅರ್ಥ ಎಲ್ಲಿಗೆ ಹೋಗತ್ತೆ ನೋಡಿ. ಮ್ಯಾಪ್ ಜಾರಿದ್ದು ಕಾರಣ ಆಗಿದ್ರೆ ಕಾಂತಕ್ಷೇತ್ರದ ಅಲ್ಲಾಟಕ್ಕೇ ಸಂಬಂಧ ಸಿಗಬೇಕಿತ್ತು. ಸಿಕ್ಕಿದ್ದು ರೇಡಿಯೋ ಗದ್ದಲಕ್ಕೆ. ಅಂದ್ರೆ ಮ್ಯಾಪ್ ಸರಿಯಾಗೇ ಇದೆ, ಓದೋ ಕಣ್ಣು ಮಂಜಾಗಿದೆ. ಜಿಪಿಎಸ್ ತಪ್ಪು ಜಾಗ ತೋರಿಸೋದಕ್ಕೂ ಸಿಗ್ನಲ್ಲೇ ಹೋಗೋದಕ್ಕೂ ವ್ಯತ್ಯಾಸ ಇದೆಯಲ್ವಾ, ಆ ಥರ. ಹಕ್ಕಿಗಳಲ್ಲಿ ಇದು ಕಣ್ಣೆದುರೇ ಆಗಿದೆ. ಜರ್ಮನಿಯ ಓಲ್ಡನ್‌ಬರ್ಗ್ ಯೂನಿವರ್ಸಿಟಿಯಲ್ಲಿ ಹೆನ್ರಿಕ್ ಮೌರಿಟ್ಸನ್ ತಂಡ ಕ್ಯಾಂಪಸ್‌ನ ಮರದ ಗುಡಿಸಲಲ್ಲಿ ರಾಬಿನ್ ಹಕ್ಕಿಗಳನ್ನ ಇಟ್ರೆ ಅವಕ್ಕೆ ದಿಕ್ಕೇ ಗೊತ್ತಾಗ್ತಿರ್ಲಿಲ್ಲ, ಗುಡಿಸಲಿಗೆ ಅಲ್ಯೂಮಿನಿಯಂ ತಗಡು ಹೊದಿಸಿ ಅರ್ಥಿಂಗ್ ಕೊಟ್ಟ ತಕ್ಷಣ ಸರಿಯಾದ ದಿಕ್ಕಿಗೆ ಮುಖ ಮಾಡಿದ್ವು, ಅರ್ಥಿಂಗ್ ತೆಗೆದ್ರೆ ಮತ್ತೆ ಗಲಿಬಿಲಿ. ತಗಡು ಭೂಮಿಯ ಕಾಂತಕ್ಷೇತ್ರ ತಡೆಯಲ್ಲ, ತಡೆಯೋದು ಸುತ್ತಲಿನ ಎಲೆಕ್ಟ್ರಾನಿಕ್ ಸಾಮಾನುಗಳ ರೇಡಿಯೋ ಗದ್ದಲವನ್ನ. 2014ರಲ್ಲಿ ಬಂದ ಪೇಪರ್ ಅದು, ವರ್ಷಗಟ್ಟಲೆ ಮತ್ತೆ ಮತ್ತೆ ಮಾಡಿ ನೋಡಿ ಆಮೇಲೆ ಹೇಳಿದ್ದು. ರಾಬಿನ್ ಕಣ್ಣಲ್ಲಿರೋ ಕ್ರಿಪ್ಟೋಕ್ರೋಮ್ ಅನ್ನೋ ಪ್ರೋಟೀನ್ ಇದಕ್ಕೆ ಕಾರಣ ಇರಬಹುದು ಅಂತ ಬಲವಾದ ಅನುಮಾನ ಇದೆ. ತಿಮಿಂಗಿಲವನ್ನ ಹಾಗೆ ತಗಡಿನ ಗುಡಿಸಲಲ್ಲಿ ಇಟ್ಟು ನೋಡೋಕಾಗತ್ತಾ, 40 ಟನ್ ಪ್ರಾಣಿ! ಅದಕ್ಕೇ ಅವುಗಳಿಗೆ ಕಾಂತ ಇಂದ್ರಿಯ ಇದೆ ಅನ್ನೋದು ಕೂಡ ಇವತ್ತಿಗೂ ಸಾಂದರ್ಭಿಕ ಸಾಕ್ಷಿಯ ಮೇಲೇ ನಿಂತಿದೆ.

ಈಗ 2016ರ ಕೇಸಿಗೆ ವಾಪಸ್. ಗ್ರೇ ವೇಲ್ ಫಲಿತಾಂಶ ಫಾನ್ಸೆಲೋ ಪರ ಅಂತ ಎಷ್ಟೋ ಜನ ಬರೀತಾರೆ, ಎರಡರಲ್ಲೂ ಸೂರ್ಯ ಇದ್ದಾನಲ್ಲ ಅಂತ. ನನ್ನ ಪ್ರಕಾರ ಅರ್ಧ ಮಾತ್ರ ಪರ. ಸೂರ್ಯ ಒಳಗೆ ಬಂದ, ಆದ್ರೆ 460 ಕಿಲೋಮೀಟರ್ ಲೆಕ್ಕ ಹೊರಗೆ ಹೋಯ್ತು. ಎರಡನ್ನೂ ಒಟ್ಟಿಗೆ ಉಳಿಸ್ಕೊಳೋಕೆ ಒಂದು ದಾರಿ ಇದೆ, ಗ್ರೇ ವೇಲ್ ಓಡಾಡೋ ಅಮೆರಿಕದ ಪಶ್ಚಿಮ ಕರಾವಳಿಯ ಬಹುಭಾಗ ಅರೋರಾ ವಲಯಕ್ಕಿಂತ ಕೆಳಗಿದೆ, ಅಲ್ಲಿ ಕ್ಷೇತ್ರ ಅಷ್ಟು ಅಲ್ಲಾಡಲ್ಲ, ನಾರ್ವೆ ಬಾಗಿಲಲ್ಲಿ ಅಲ್ಲಾಡತ್ತೆ, ಹಾಗಾಗಿ ಒಂದು ಕಡೆ ಕಣ್ಣು ಮಂಜು, ಇನ್ನೊಂದು ಕಡೆ ಮ್ಯಾಪ್ ಜಾರಿಕೆ. ಆಗದೇ ಇರೋದೇನಲ್ಲ. ಆದ್ರೆ ಒಂದೊಂದು ಸಾವಿಗೂ ಒಂದೊಂದು ಹೊಸ ಮೆಕ್ಯಾನಿಸಮ್ ಕೊಡ್ತಾ ಹೋದ್ರೆ ಯಾವ ಕಥೆಯನ್ನೂ ಸುಳ್ಳು ಅಂತ ತೋರಿಸೋಕಾಗಲ್ಲ, ಬೀಬಿ ಹಕ್ಕಿಗಳ ಜೊತೆ ರನ್‌ವೇ ಪೇಂಟ್ ಸೇರಿಸಿದವರಿಗೂ ನಮಗೂ ಏನು ವ್ಯತ್ಯಾಸ ಆಗ.

ನಾನಾಗಿದ್ರೆ ಲೆಕ್ಕವನ್ನ ತಿರುಗಿಸಿ ಮಾಡ್ತಿದ್ದೆ. ದಡಕ್ಕೆ ಬಿದ್ದ ದಿನದಿಂದ ಹಿಂದಕ್ಕೆ ಹೋಗಿ ಬಿರುಗಾಳಿ ಹುಡುಕೋದಲ್ಲ, ಗಂಡುಗಳು ದಕ್ಷಿಣಕ್ಕೆ ಇಳಿಯೋ ಚಳಿಗಾಲದ ತಿಂಗಳುಗಳಲ್ಲಿ ಮೈನಸ್ 100 ದಾಟಿದ ಬಿರುಗಾಳಿಗಳನ್ನೆಲ್ಲ ಮೊದಲು ಬರೆದಿಟ್ಕೊಂಡು, ಪ್ರತಿಯೊಂದರ ಮುಂದೆ ಏಳರಿಂದ 40 ದಿನ ಅಂತ ಗೆರೆ ಹಾಕಿ, ಆ ಗೆರೆಯೊಳಗೆ ನಾರ್ತ್ ಸೀಯಲ್ಲಿ ಏನಾಯ್ತು ಅಂತ ನೋಡೋದು, ಮುಖ್ಯವಾಗಿ ಏನೂ ಆಗದೇ ಇದ್ದದ್ದು ಎಷ್ಟು ಸಲ ಅಂತ. ಇನ್ನೊಂದು ದಾರಿ ಟ್ಯಾಗ್. ಉತ್ತರದಲ್ಲಿ ಹುಡುಗರ ಬೆನ್ನಿಗೆ ಸ್ಯಾಟಲೈಟ್ ಟ್ಯಾಗ್ ಹಾಕಿ ಅರೋರಾ ಬರೋವರೆಗೂ ಕಾಯೋದು, ಬಿರುಗಾಳಿ ರಾತ್ರಿ ಗೆರೆ ಸೀದಾ ಹೋಗತ್ತಾ ಸೊಟ್ಟ ಆಗತ್ತಾ ನಿಲ್ಲತ್ತಾ. 2015ರ ಡಿಸೆಂಬರ್ 20ರ ರಾತ್ರಿ ಆ 30ರಲ್ಲಿ ಯಾವುದು ಎಲ್ಲಿತ್ತು ಅಂತ ತೋರಿಸೋ ಒಂದು ಚುಕ್ಕೆ ಕೂಡ ನಮ್ಮ ಮ್ಯಾಪಲ್ಲಿಲ್ಲ, ಬಾಗಿಲ ಹತ್ರ ಇದ್ವು ಅನ್ನೋದೇ ಊಹೆ, ಆ ಹೊತ್ತಿಗಾಗಲೇ ಚೀಲದೊಳಗೆ ಬಂದಿದ್ವು ಅಂತಾದ್ರೆ ಎರಡೂ ಬಿರುಗಾಳಿಗಳು ನಿರಪರಾಧಿಗಳು.

ಸದ್ಯಕ್ಕೆ ನಾನು ಟೆಸೆಲ್‌ನ ಐದು, ವಾಂಗರೋಗೆಯ ಎರಡನ್ನ ಸೂರ್ಯನ ಖಾತೆಗೆ ಪೆನ್ಸಿಲ್‌ನಲ್ಲಿ ಬರೀತೀನಿ, ಕೋಗ್‌ನ ಎಂಟರ ಪಕ್ಕ ಪ್ರಶ್ನೆ ಚಿಹ್ನೆ. ಪೋಸ್ಟ್ ಮಾರ್ಟಂ ಮಾಡಿದವರ ಲೆಕ್ಕ 30, ಫಾನ್ಸೆಲೋ ಪೇಪರ್‌ನ ಲೆಕ್ಕ 29. ಡೆನ್ಮಾರ್ಕ್‌ನ ಆ ಕೊನೆಯದು ಬಿದ್ದಿದ್ದು ಎರಡನೇ ಬಿರುಗಾಳಿಯಾಗಿ ಎಂಟು ವಾರಕ್ಕೆ, ಅದನ್ನ ಮಾತ್ರ ನನ್ನ ಕೈಲಿ ಸೂರ್ಯನ ಹೆಸರಿಗೆ ಬರೆಯೋಕಾಗಲ್ಲ.